ಮುಚ್ಚಳದ ಒಳಗಿನ ಮೀನು

ಎಬೆರ್,

ಹೆಸರಿನ ಹಿಂದೆ 'ಪ್ರೀತಿಯ' ಅಂತ ಬರೆಯೋಕೆ ಕೈ ತಾನಾಗಿಯೇ ಹೋಯಿತು. ಹಳೇ ಅಭ್ಯಾಸ. ಆ ಹಾಳೆ ಹರಿದುಹಾಕಿ ಬೇರೆ ತೆಗೆದುಕೊಂಡಿದ್ದೇನೆ. ನಿನ್ನ ಹೆಸರಿಗೆ ಇವತ್ತು ಯಾವ ಒಗ್ಗರಣೆಯೂ ಬೇಡ. ಪತ್ರದ ಜೊತೆ ಒಂದು ಪೊಟ್ಟಣ ಇದೆ, ಈಗಲೇ ಬಿಚ್ಚಬೇಡ. ಒಮ್ಮೆಯಾದರೂ ನಾನು ಹೇಳುವುದನ್ನು ಪೂರ್ತಿ ಕೇಳಿಸಿಕೋ. ಗಂಡನಾಗಿದ್ದಾಗ ಕೇಳಿಸಿಕೊಳ್ಳಲಿಲ್ಲ, ಈಗಲಾದರೂ ಕೇಳು.

ಸೋಮವಾರ ದೊನ್ ಎಲ್ಬಿಯೊ ನನ್ನ ವಾಚು ರಿಪೇರಿ ಅಂಗಡಿಗೆ ಬಂದಿದ್ದರು. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು, ನಿನಗೆ ನೆನಪಿರುತ್ತದೆ. ಅಪ್ಪನ ಮೇಜಿನ ಮುಂದೆ ಕೂತು ಅಪ್ಪನ ಯೆರ್ಬಾ ಎಲೆಯ ಕಷಾಯವನ್ನೆಲ್ಲ ತಾವೇ ಹೀರಿ ಮುಗಿಸುತ್ತಿದ್ದರಲ್ಲ, ಅವರೇ. ಕರವಸ್ತ್ರ ಬಿಚ್ಚಿ ಒಂದು ವಾಚು ಮೇಜಿನ ಮೇಲಿಟ್ಟರು. "ನಿಮ್ಮಪ್ಪನ ಕೈ ಮುಟ್ಟಿದ ವಾಚು ಮಗಳೇ. ಒಳಗೆ ಮೀನಿದೆ, ಕಣ್ಣಾರೆ ನೋಡಿದೀನಿ. ಒಂಚೂರು ಮುಂದೆ ಓಡ್ತಿದೆ, ಸರಿಮಾಡಿಕೊಡು. ಬೇರೆಯವರ ಕೈಗೆ ಕೊಡೋಕೆ ನನಗೆ ಮನಸ್ಸಿಲ್ಲ" ಅಂದರು. ಅವರ ಹಳೇ ವಾಚು ನೀರಿಗೆ ಬಿದ್ದು ಹೋದ ಮೇಲೆ ಅಂಥದ್ದೇ ಒಂದಕ್ಕಾಗಿ ವರ್ಷಗಟ್ಟಲೆ ಹುಡುಕಿದ್ದರಂತೆ. ಎಲ್ಲಿ ಸಿಕ್ಕಿತು ಅಂತ ಕೇಳಿದೆ. ಭಾನುವಾರದ ತ್ರಿಸ್ತಾನ್ ನರ್ವಾಹಾ ಸಂತೆಯಲ್ಲಿ, ಪುಸ್ತಕದ ಅಂಗಡಿಗಳ ಪಕ್ಕ, ಎಡಗೈಯಲ್ಲಿ ಕೆಲಸ ಮಾಡುವ ಒಬ್ಬ ಗಡ್ಡದವನ ಹತ್ತಿರ ಅಂದರು. ಪಾಪ, ಕಣ್ಣು ಮಂಜಾಗಿದೆ, ಗಡ್ಡದೊಳಗೆ ನಿನ್ನನ್ನು ಗುರುತು ಹಿಡಿಯಲಿಲ್ಲ.

ಮೀನು ಅಂದರೇನು ಅಂತ ನಿನಗೆ ನಾನು ಹೇಳಿಕೊಡಬೇಕಾ? ಹೇಳುತ್ತೇನೆ, ಮರೆತ ಹಾಗಿದೆ. ವಾಚು ಬಿಚ್ಚಿದವನು ಹಿಂದಿನ ಮುಚ್ಚಳದ ಒಳಮೈಯಲ್ಲಿ ತನ್ನ ಗುರುತು ಗೀರುವುದು ನಮ್ಮ ಕಸುಬಿನ ಪದ್ಧತಿ. ಒಬ್ಬ ಹೆಸರಿನ ಅಕ್ಷರ ಗೀರುತ್ತಾನೆ, ಇನ್ನೊಬ್ಬ ತಾರೀಖು. ಅಪ್ಪ ಮೀನು ಗೀರುತ್ತಿದ್ದ. ಸೂಜಿ ಎತ್ತದೆ ಒಂದೇ ಎಳೆತ, ಬಾಲದ ಕೆಳತುದಿಯಿಂದ ಹೊರಟು ತಲೆಯನ್ನು ಬಳಸಿ ಬಂದು ಬಾಲದ ಮೇಲ್ತುದಿಯಲ್ಲಿ ಮುಗಿಯುತ್ತಿತ್ತು. 'ಇದನ್ನು ನಾನು ನೋಡಿದ್ದೇನೆ, ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ನನ್ನದು, ನನ್ನ ಹತ್ತಿರ ಬಾ' ಅಂತ ಅದರ ಅರ್ಥ. ಈ ಊರಿನ ಅರ್ಧ ಮುದುಕರ ಮಣಿಕಟ್ಟಿನಲ್ಲಿ ಆ ಮೀನು ಇತ್ತು, ಅವರು ಅದನ್ನು ನಂಬಿದ್ದರು.

ಬಿಚ್ಚಿದೆ. ಏನು ಚೆಂದದ ಕೆಲಸ ಎಬೆರ್, ಅದೇ ಉರಿಯುವುದು ನನಗೆ. ಹಳೇ ಕಾಲದಲ್ಲಿ ಸಮುದ್ರದೊಳಗೆ ಮುಳುಗುವವರು ಕಟ್ಟಿಕೊಳ್ಳುತ್ತಿದ್ದ ವಾಚಿನ ಹಾಗೆ ದಪ್ಪ ಗಾಜು, ಅಗಲ ಮುಳ್ಳು. ಡಯಲಿನ ಚುಕ್ಕಿಗಳನ್ನು ಯೆರ್ಬಾ ಕಷಾಯದಲ್ಲಿ ನೆನೆಸಿ ಹಳದಿ ಮಾಡಿದ್ದೀಯ. ಉಳಿದವರು ಕಾಫಿ ಹಚ್ಚುತ್ತಾರೆ, ಅದು ಕೆಂಪಗೆ ಕಾಣುತ್ತದೆ. ಯೆರ್ಬಾ ಹಚ್ಚಿದರೆ ಮಾತ್ರ ನಿಜವಾದ ಮುಪ್ಪಿನ ಬಣ್ಣ ಬರುತ್ತದೆ. ಅದನ್ನು ಕಂಡುಹಿಡಿದವಳು ನಾನು, ನಮ್ಮ ಅಡುಗೆಮನೆಯಲ್ಲಿ, ನೀನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಒಳಗಿನ ಮಷೀನು ನೋಡಿದೆ. ಅದು ತಯಾರಾಗುವ ಹೊತ್ತಿಗೆ ಅಪ್ಪ ಮಣ್ಣು ಸೇರಿ ಎಷ್ಟೋ ವರ್ಷವಾಗಿತ್ತು. ಮುಚ್ಚಳವೂ ಅಷ್ಟೇ, ಹೊಸ ಸ್ಟೀಲಿಗೆ ಆಸಿಡ್ ಹಚ್ಚಿ ಮಂಕು ಮಾಡಿದ್ದು. ಅದರ ಮೇಲೆ ಮೀನು!

ಮಸೂರ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ. ಗೀರು ಶುರುವಾಗುವ ಕಡೆ ಆಳ, ಮುಗಿಯುವ ಕಡೆ ತೆಳು, ಇದು ಯಾವ ಕಲಿಯುವವನಿಗೂ ಗೊತ್ತು. ಅಪ್ಪನ ಮೀನು ಬಾಲದ ಕೆಳಗೆ ಆಳ. ಇದು ಬಾಲದ ಮೇಲೆ ಆಳ. ನಿನ್ನ ಎಡಗೈ ಅಲ್ಲಿಂದಲೇ ಶುರುಮಾಡುವುದು. ಹಾಳಾದವನೇ, ಸತ್ತವನ ರುಜು ಹಾಕೋಕೆ ನಿನಗೆ ಕೈಯಾದರೂ ಹೇಗೆ ಬಂತು?

ಹೊಸ ಬಿಡಿಭಾಗ ಹಾಕಿದೆ ಅಂತ ನನಗೆ ಸಿಟ್ಟು ಅಂದುಕೊಳ್ಳಬೇಡ. ನಾನೂ ದಿನಾ ಹಾಕುತ್ತೇನೆ. ಮೊನ್ನೆ ಆಸ್ಪತ್ರೆಯ ಒಬ್ಬ ನರ್ಸಮ್ಮನ ಅಜ್ಜಿಯ ವಾಚಿಗೆ ಕೆಂಪು ಸೆಕೆಂಡಿನ ಮುಳ್ಳು, ಉಬ್ಬಿದ ಗಾಜು, ಕತ್ತಲಲ್ಲಿ ಹೊಳೆಯುವ ಡಯಲು ಎಲ್ಲ ಹಾಕಿಕೊಟ್ಟೆ. ಅಜ್ಜಿದು ಕವಚ ಮಾತ್ರ ಉಳಿದಿದೆ ನೋಡಮ್ಮ, ಉಳಿದದ್ದೆಲ್ಲ ಅಂಚೆಯಲ್ಲಿ ಬಂದದ್ದು ಅಂತ ಬಾಯಿಬಿಟ್ಟು ಹೇಳಿದೆ. ಅವಳು ಕುಣಿದುಕೊಂಡು ಹೋದಳು. ಹೊಸದು ಹಾಕಿದರೆ ಹೊಸದು ಅನ್ನು. ಅಷ್ಟು ಹೇಳಿದರೆ ನಿನ್ನ ನಾಲಿಗೆಯೇನು ಸವೆದುಹೋಗುತ್ತಿತ್ತಾ? ಅಪ್ಪ ನಿನ್ನನ್ನು ಕೆಲಸಕ್ಕೆ ಇಟ್ಟುಕೊಂಡ ಮೊದಲ ವರ್ಷವೇ ನನಗೆ ಹೇಳಿದ್ದ, "ಆ ಹುಡುಗನ ಕೈ ಒಳ್ಳೇದು ಕಣೆ, ಮಾತು ನೆಟ್ಟಗಿಲ್ಲ" ಅಂತ. ನಾನು ಕೈಯನ್ನಷ್ಟೇ ನೋಡಿದೆ. ನಿನ್ನ ಹಿಂದೆ ಸಾಲ್ತೊ ಊರಿಗೆ ಹೊರಟುಹೋದೆ. ಅಪ್ಪ ನನ್ನ ಜೊತೆ ಮಾತು ಬಿಟ್ಟ. ಮಾತು ಬಿಟ್ಟವನು ಹಾಗೆಯೇ ಸತ್ತ.

ದೊನ್ ಎಲ್ಬಿಯೊಗೆ ನಿಜ ಹೇಳಿದೆ. ಇದು ಅಪ್ಪನ ಮೀನಲ್ಲ, ಅಪ್ಪ ಈ ವಾಚನ್ನು ಕಂಡೇ ಇಲ್ಲ ಅಂದೆ. ಅವರು ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ಮತ್ತೆ ಆ ಗಡ್ಡದವನ ಮೇಜಿನ ಮೇಲೆ ನಿಮ್ಮಪ್ಪ ಅತಿಲಿಯೊನ ಡಬ್ಬಿ ಇತ್ತಲ್ಲ ಮಗಳೇ? ಆ ನೀಲಿ ತಗಡಿಂದು, ಸಿಹಿ ತುಂಬಿ ಬರ್ತಿತ್ತಲ್ಲ, ಅದು. ಅದನ್ನ ನೋಡಿಯೇ ನಂಬಿದ್ದು ನಾನು. ದೊನ್ ಅತಿಲಿಯೊನ ಮುಚ್ಚಳ ಡಬ್ಬಿ ತುಂಬಾ ಇತ್ತು, ಇದೊಂದೇ ಉಳಿದಿದ್ದು ಅಂದನಲ್ಲ."

ನೀಲಿ ಡಬ್ಬಿ. ಕೆಟ್ಟು ಹೋದ ವಾಚುಗಳ ಮುಚ್ಚಳಗಳನ್ನು ಅಪ್ಪ ಎಸೆಯುತ್ತಿರಲಿಲ್ಲ, ತನ್ನ ಮೀನು ಇರುವುದನ್ನು ಕಸಕ್ಕೆ ಹಾಕಲಾರೆ ಅಂತ ಆ ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಅಪ್ಪ ಸತ್ತ ಮೇಲೆ ಅಂಗಡಿ ತೆರವು ಮಾಡೋಕೆ ಮೊದಲು ಬಂದವನು ನೀನು. ನಾನು ಕೇಳಿದಾಗ, ಡಬ್ಬಿ ತುಕ್ಕು ಹಿಡಿದಿತ್ತು, ಎಸೆದೆ ಅಂದಿದ್ದೆ. ಹಾಗಾದರೆ ಇಷ್ಟು ವರ್ಷ ಅಪ್ಪನ ಮುಚ್ಚಳಗಳನ್ನು ಒಂದೊಂದಾಗಿ ನಿನ್ನ ವಾಚುಗಳಿಗೆ ಬಿಗಿದು ಮಾರಿದ್ದೀಯ. ಮುಗಿದ ಮೇಲೆ ಸೂಜಿ ಹಿಡಿದು ಕೂತಿದ್ದೀಯ.

ಆಗ ನನ್ನ ಕಣ್ಣು ನನ್ನ ಮಣಿಕಟ್ಟಿನ ವಾಚಿನ ಮೇಲೆ ಬಿತ್ತು ಎಬೆರ್.

ಅಪ್ಪನನ್ನು ಮಣ್ಣು ಮಾಡಿದ ವಾರದಲ್ಲಿ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಊಟ ಬೇಡ, ನೀನೂ ಬೇಡ. ನೀನು ಬಂದು ಹಾಸಿಗೆಯ ಅಂಚಿನಲ್ಲಿ ಕೂತು ಈ ವಾಚನ್ನು ಕೈಯಲ್ಲಿಟ್ಟೆ. "ಕೊನೇ ದಿನಗಳಲ್ಲಿ ನಿನಗೋಸ್ಕರ ಅಂತ ರಿಪೇರಿ ಮಾಡಿಟ್ಟಿದ್ದರು ನೀದಿಯಾ. ಪಕ್ಕದ ಅಂಗಡಿಯವನ ಹತ್ತಿರ ಕೊಟ್ಟು, ಮಗಳಿಗೆ ತಲುಪಿಸು ಅಂದಿದ್ದರಂತೆ" ಅಂದೆ. ಮುಚ್ಚಳ ಬಿಚ್ಚಿ ಮೀನು ತೋರಿಸಿದೆ. ಕಣ್ಣೀರಿನಲ್ಲಿ ನನಗೆ ಮೀನಷ್ಟೇ ಕಂಡಿತು. ಅಪ್ಪ ಕ್ಷಮಿಸಿದ ಅಂತ ಎದ್ದು ಕೂತೆ, ಊಟ ಮಾಡಿದೆ, ಬದುಕಿದೆ. ಆಮೇಲೆ ನಿನ್ನ ಮಾತಿನಲ್ಲಿ ನಿಜ ಯಾವುದು, ಬಣ್ಣ ಹಚ್ಚಿದ್ದು ಯಾವುದು ಅಂತ ಆರಿಸಿ ಆರಿಸಿ ಸಾಕಾಗಿ ನಿನ್ನನ್ನು ಬಿಟ್ಟೆ. ಈ ವಾಚನ್ನು ಬಿಡಲಿಲ್ಲ. ಅಪ್ಪ ಕೊನೆಯದಾಗಿ ಮುಚ್ಚಿದ್ದನ್ನು ನಾನು ತೆರೆಯುವುದಿಲ್ಲ ಅಂತ ಎಣ್ಣೆ ಕೂಡ ಹಾಕಲಿಲ್ಲ. ನಿಂತುಹೋದ ಮೇಲೂ ಕಟ್ಟಿಕೊಂಡೇ ತಿರುಗಿದೆ. ವಾಚಿನವಳ ವಾಚೇ ಓಡಲ್ಲ ಅಂತ ಬೀದಿಯೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ ಬಿಡು ಅಂದುಕೊಂಡೆ.

ಸೋಮವಾರ ಅದನ್ನು ಬಿಚ್ಚಿದೆ, ದೊನ್ ಎಲ್ಬಿಯೊ ಎದುರಿಗೇ. ಮುಚ್ಚಳ ಬಿಗಿದುಕೊಂಡಿತ್ತು, ಬೆರಳು ಕುಯ್ದುಕೊಂಡೆ. ಮೀನು ಇತ್ತು. ಬಾಲದ ಕೆಳಗೆ ಆಳ, ಮೇಲೆ ತೆಳು. ಅಪ್ಪನ ಕೈಯೇ! ಒಂದು ಉಸಿರು ನಿರಾಳವಾಗಿ ಬಿಟ್ಟೆ, ಛೇ, ಸುಮ್ಮನೆ ಅನುಮಾನ ಪಟ್ಟೆನಲ್ಲ ಅಂತ ನಿನ್ನ ಮೇಲೆ ಕರುಣೆ ಕೂಡ ಬಂತು. ಅದಕ್ಕೂ ಈಗ ಸಿಟ್ಟು ಬರುತ್ತಿದೆ.

ಯಾಕೆಂದರೆ ಇನ್ನೊಮ್ಮೆ ನೋಡಿದೆ. ಗೆರೆ ಸಲೀಸಾಗಿ, ನೆಟ್ಟಗೆ ಹರಿದಿತ್ತು. ಅಪ್ಪನ ಕೊನೇ ಕಾಲದ ಕೆಲಸ ಎಷ್ಟೋ ಆಮೇಲೆ ನನ್ನ ಮೇಜಿಗೆ ಬಂದಿದೆ. ಅದರಲ್ಲಿ ಮೀನು ನಡುಗುತ್ತದೆ, ಹೊಟ್ಟೆಯೆಲ್ಲ ಗರಗಸದ ಹಲ್ಲಿನ ಹಾಗಿದೆ. ಕೊನೇ ಎರಡು ವರ್ಷ ಅವನಿಗೆ ಕೈ ನಡುಕ ಬಂದಿತ್ತು, ಸೂಪು ಕುಡಿಯೋಕೂ ಪಕ್ಕದ ಅಂಗಡಿಯವನೇ ಬಟ್ಟಲು ಹಿಡಿಯುತ್ತಿದ್ದನಂತೆ. ನನ್ನ ವಾಚಿನ ಮೀನು ನಡುಗಿಲ್ಲ. ಅದು ಅಪ್ಪನ ಕೈ ಗಟ್ಟಿಯಿದ್ದಾಗಿನದು, ನಾನಿನ್ನೂ ಮನೆಯಲ್ಲೇ ಇದ್ದು ಅವನ ಪಕ್ಕದಲ್ಲಿ ಸ್ಕ್ರೂ ಆರಿಸುತ್ತಿದ್ದ ಕಾಲದ್ದು. ಯಾರದೋ ಕೆಟ್ಟುಹೋದ ವಾಚಿನ ಮುಚ್ಚಳ. ಡಬ್ಬಿಯಿಂದ ಅಳತೆಗೆ ಹೊಂದುವುದನ್ನು ಹುಡುಕಿ ನನ್ನದಕ್ಕೆ ಬಿಗಿದಿದ್ದೀಯ. ಬಹುಶಃ ನೀನು ಆ ಡಬ್ಬಿಯಿಂದ ತೆಗೆದ ಮೊದಲನೆಯದು ಅದೇ.

ನೀನೇ ಗೀರಿದ್ದರೆ ನಿನ್ನ ಸುಳ್ಳು ನಿನ್ನದು ಅಂತ ಉಗಿದು ಸುಮ್ಮನಾಗುತ್ತಿದ್ದೆ. ನೀನು ಅಪ್ಪನ ನಿಜವಾದ ಕೈಯನ್ನೇ ಹಿಡಿದು ತಂದು ಅದರಿಂದಲೇ ನನಗೆ ಸುಳ್ಳು ಹೇಳಿಸಿದೆ. ಅಪ್ಪ ನನ್ನನ್ನು ಕ್ಷಮಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆಗಲೇ ಹೀಗಂತ ಗೊತ್ತಿದ್ದರೆ ಅತ್ತು ಅತ್ತು ಹೇಗೋ ಅದಕ್ಕೆ ಹೊಂದಿಕೊಳ್ಳುತ್ತಿದ್ದೆ. ಈಗ ಈ ವಯಸ್ಸಿನಲ್ಲಿ, ತಲೆ ನರೆತ ಮೇಲೆ, ಅಪ್ಪ ಇವತ್ತೇ ಸತ್ತ ಹಾಗೆ ಮೊದಲಿಂದ ಶುರುಮಾಡಬೇಕು.

ದೊನ್ ಎಲ್ಬಿಯೊ ನನ್ನ ಬೆರಳಿಗೆ ತಮ್ಮ ಕರವಸ್ತ್ರ ಸುತ್ತಿದರು. ಆಮೇಲೆ ತಮ್ಮ ವಾಚು ತೋರಿಸಿ, "ಇದು ಓಡುತ್ತಾ ಮಗಳೇ?" ಅಂದರು. ಓಡುತ್ತೆ, ಚೆನ್ನಾಗೇ ಓಡುತ್ತೆ, ಕಟ್ಟಿದವನಿಗೆ ಕೆಲಸ ಗೊತ್ತು ಅಂದೆ. "ಹಾಗಿದ್ರೆ ಆ ಮೀನು ಉಜ್ಜಿ ಹಾಕು. ನಿನ್ನ ಗುರುತು ಹಾಕಿಕೊಡು. ನನಗೆ ಹೊಣೆ ಹೊರೋರು ಯಾರಾದ್ರೂ ಇದ್ರೆ ಸಾಕು" ಅಂದರು. ಉಜ್ಜಿದೆ. ನನ್ನ ಹೆಸರು ಗೀರಿದೆ. ಹಿಂದೆ ಮುಂದೆ ಓಡಿದರೆ ಇನ್ನು ನನ್ನನ್ನೇ ಬೈಯುತ್ತಾರೆ.

ಈಗ ಪೊಟ್ಟಣ ಬಿಚ್ಚು, ಅವತ್ತು ನೀನು ಕೊಟ್ಟ ವಾಚು ಅದರಲ್ಲಿದೆ. ಎಣ್ಣೆ ಹಾಕಿ, ಸ್ಪ್ರಿಂಗ್ ಬದಲಿಸಿ ಓಡುವ ಹಾಗೆ ಮಾಡಿದ್ದೇನೆ. ಹಾಕಿದ್ದು ಹೊಸ ಸ್ಪ್ರಿಂಗು, ಹೇಳಿಬಿಡುತ್ತೇನೆ. ಮುಚ್ಚಳ ಅದರಲ್ಲಿಲ್ಲ. ಅದು ಅಪ್ಪನದು, ನನ್ನ ಹತ್ತಿರ ಇರುತ್ತದೆ. ಕ್ಷಮಿಸಿದ ಗುರುತು ಅಂತ ಅಲ್ಲ, ನಾನು ಪಕ್ಕದಲ್ಲಿ ಕೂತಿದ್ದಾಗ ಅವನು ಗೀರಿದ್ದು ಅಂತ. ಉಳಿದದ್ದು ನಿನ್ನದು. ಅದಕ್ಕೊಂದು ಹೊಸ ಮುಚ್ಚಳ ಹಾಕಿ ನಿನ್ನ ಹೆಸರು ಗೀರು, ಆ ಎಡಗೈಯಲ್ಲೇ. ನೀನು ಗೀರಿದ ಇನ್ನೊಂದು ಮೀನು ನನ್ನ ಮೇಜಿಗೆ ಬಂತೋ, ಭಾನುವಾರ ಸಂತೆಗೆ ಬಂದು ನಿನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಬಂದವರಿಗೆಲ್ಲ ಒಂದೊಂದೇ ಬಿಚ್ಚಿ ತೋರಿಸುತ್ತೇನೆ. ಡಬ್ಬಿಯನ್ನು ದೊನ್ ಎಲ್ಬಿಯೊ ಕೈಯಲ್ಲಿ ಕಳಿಸು, ಖಾಲಿಯಾದರೂ ಪರವಾಗಿಲ್ಲ.

ಇನ್ನೊಂದೇ ಮಾತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಇದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತಿರುವುದು. ಅವತ್ತು ಹಾಸಿಗೆಯ ಅಂಚಿನಲ್ಲಿ ಕೂತಾಗ ನಿನಗೆ ಹೆದರಿಕೆಯಿತ್ತು. ಅಪ್ಪನನ್ನು ಬಿಟ್ಟುಬಂದ ತಪ್ಪಿನ ಭಾರ ತಡೆಯಲಾರದೆ ನಾನು ನಿನ್ನನ್ನು ಬಿಟ್ಟು ಹೋಗುತ್ತೇನೆ ಅಂತ. ನಾನು ಹೋಗುವವಳಿರಲಿಲ್ಲ ಎಬೆರ್. ಅಪ್ಪ ಏನೂ ಕೊಡಲಿಲ್ಲ, ಏನೂ ಹೇಳಲಿಲ್ಲ ಅಂತ ನೀನು ನಿಜ ಹೇಳಿ ಸುಮ್ಮನೆ ಪಕ್ಕದಲ್ಲಿ ಕೂತಿದ್ದರೂ ನಾನು ಎದ್ದು ಊಟ ಮಾಡುತ್ತಿದ್ದೆ.

ನಿನ್ನ ಕೈ ಚೆನ್ನಾಗಿರಲಿ. ಮುಪ್ಪಿನಲ್ಲೂ ಅದು ನಡುಗದಿರಲಿ.

ವಾಚು ರಿಪೇರಿಯ ಅತಿಲಿಯೊನ ಮಗಳು,
ನೀದಿಯಾ