ವಿಭೂತಿ ಹಚ್ಚಿಕೊಂಡ ದೊರೆ

ನರಸಿಂಹರಾಜಪುರ
೧೦ ಜನವರಿ ೧೯೪೪, ಸೋಮವಾರ

ಪ್ರೀತಿಯ ತಮ್ಮ ಮರುಳಸಿದ್ದನಿಗೆ ಅಕ್ಕ ನೀಲಾಂಬಿಕೆಯ ಆಶೀರ್ವಾದ.

ಪ್ಯಾಲೆಸ್ತೀನಿನ ಚಳಿ ಹೇಗಿದೆ? ಕೆಮ್ಮು ಬಿಟ್ಟಿತೇ? ಪಟಾಲಮ್ಮಿನ ಗುಮಾಸ್ತರಿಗೂ ಉಣ್ಣೆಯ ಕೋಟು ಕೊಟ್ಟಿದ್ದಾರೆಂದು ಬರೆದಿದ್ದೆ. ಹಾಕಿಕೋ, ಪೆಟ್ಟಿಗೆಯಲ್ಲಿ ಮಡಿಸಿಡಬೇಡ. ಇಲ್ಲಿ ಎಲ್ಲರೂ ಕ್ಷೇಮ.

ಶಿವಮೊಗ್ಗದ ಹೆಣ್ಣುಮಕ್ಕಳ ಶಾಲೆಯಿಂದ ಎರಡನೇ ಸಲ ಕಾಗದ ಬಂತು. ಚರಿತ್ರೆ ಪಾಠ ಹೇಳಲು ನನ್ನನ್ನೇ ಕರೆಯುತ್ತಿದ್ದಾರೆ. ಭಾವನವರು ಓದಿ ಜೇಬಿಗೆ ಹಾಕಿಕೊಂಡು, "ನಿಂಗಿಲ್ಲಿ ಎಂತ ಕಡ್ಮೆ ಆಗಿದೆ ಮಾರಾಯ್ತಿ?" ಎಂದರು. ಏನೂ ಕಡಿಮೆಯಾಗಿಲ್ಲ. ನಮ್ಮ ಯಜಮಾನರು ತೀರಿಕೊಂಡ ಈ ಎರಡು ವರ್ಷದಲ್ಲಿ, ತಮ್ಮನ ಹೆಂಡತಿಯೆಂದು ನನಗೆ ಅವರು ಒಂದು ಗಟ್ಟಿ ಮಾತು ಆಡಿದವರಲ್ಲ. ಒಬ್ಬಳೇ ಸಂತೆಬೀದಿ ದಾಟಲು ಬಿಟ್ಟವರೂ ಅಲ್ಲ. ಕಿಟಕಿಯ ಸರಳು ಹಿಡಿದು ನಿಂತರೆ ಸಾಕು, "ಗಾಳಿ ಹೊಡೀತದೆ, ಒಳಗೆ ಬಾರವ್ವ" ಎಂದು ಅಕ್ಕರೆಯಿಂದಲೇ ಕರೆಯುತ್ತಾರೆ.

ಜೆರೂಸಲೇಮಿನ ಪೇಟೆಯಲ್ಲಿ ಕೊಂಡು ನೀನು ಕಳಿಸಿದ ಬೈಜಾಂಟಿಯಮ್ ದೊರೆಗಳ ಕಂಚಿನ ನಾಣ್ಯಗಳಲ್ಲೇ ಈ ಒಂದು ತಿಂಗಳು ಕಳೆದೆ. ಸವೆದು ಸವೆದು ಹೊಳೆಯ ಕಲ್ಲಿನಂತಾಗಿವೆ. ನಿನ್ನ ಪಾದ್ರಿ ಸ್ನೇಹಿತರು ಬರೆದುಕೊಟ್ಟ ಚಿತ್ರ ಎದುರಿಗಿಟ್ಟರೂ ಮೊದಲು ಏನೂ ಕಾಣಲಿಲ್ಲ. ಒಂದು ಬೆಳಿಗ್ಗೆ ಹಣೆಗೆ ಹಚ್ಚಿಕೊಂಡ ವಿಭೂತಿಯ ಬೆರಳಲ್ಲೇ ನಾಣ್ಯ ಮುಟ್ಟಿದೆ. ತಗ್ಗುಗಳಲ್ಲಿ ಬೂದಿ ಕೂತಿತು. ಮೇಲೆ ಒರೆಸಿದರೆ ಬಿಳಿಯ ನಡುವೆ ಕಪ್ಪಗೆ ಎದ್ದವು ಅಕ್ಷರಗಳು! ನಡುವೆ ದೊಡ್ಡ 'ಎಮ್', ಎಂದರೆ ನಲವತ್ತು ಪುಡಿಕಾಸಿನ ಬೆಲೆ. ಎಡಕ್ಕೆ 'ವರ್ಷ' ಎಂಬ ಪದ ಉದ್ದಕ್ಕೆ ನಿಂತಿದೆ, ಬಲಕ್ಕೆ ಹನ್ನೆರಡು. ಕೆಳಗೆ ಊರಿನ ಹೆಸರಿನ ಮೂರಕ್ಷರ. ಜಸ್ಟಿನಿಯನ್ ದೊರೆಯ ಹನ್ನೆರಡನೇ ವರ್ಷ! ಇನ್ನೊಂದರಲ್ಲಿ ಹಳೆಯ ದೊರೆಯ ಮೇಲೆಯೇ ಹೊಸಬನನ್ನು ಅಚ್ಚೊತ್ತಿದ್ದಾರೆ. ಹೊಸಬನ ಗಡ್ಡದೊಳಗಿಂದ ಹಳಬನ ಮೂಗು ಇಣುಕುತ್ತದೆ. ಅದನ್ನು ಎಷ್ಟು ಹೊತ್ತು ನೋಡಿದೆನೋ.

ಕಳೆಯಬಾರದೆಂದು ಆ ಮೊದಲನೆಯದನ್ನು ಜಗಲಿಯ ವಿಭೂತಿ ತಟ್ಟೆಯಲ್ಲೇ ಇಟ್ಟಿದ್ದೆ. ಊಟಕ್ಕೆ ಬಂದಿದ್ದ ಊರಿನ ಹಿರಿಯಜ್ಜ ಪರಮಶಿವಯ್ಯನವರು ಯಾವುದೋ ಗದ್ದುಗೆಯ ಪ್ರಸಾದವೆಂದು ತಿಳಿದು ಎರಡೂ ಕಣ್ಣಿಗೆ ಒತ್ತಿಕೊಂಡರು. ತಿರುಗಿಸಿದರೆ ದೊರೆಯ ಕೈಯ ಗೋಲದ ಮೇಲೆ ಶಿಲುಬೆ! ಭಾವನವರು ನನ್ನನ್ನು ಕರೆಸಿದರು. ಬಾಗಿಲ ಹಿಂದೆ ನಿಂತೇ ದೊರೆ, ಊರು, ವರ್ಷ ಎಲ್ಲ ಹೇಳಿದೆ. ಅಜ್ಜನಿಗೆ ನಗು ತಡೆಯಲಾಗಲಿಲ್ಲ. "ಸಾವಿರದ ನಾನೂರು ವರ್ಷದ ದೊರೆ ನಮ್ಮೂರಿಗೆ ಬಂದು ವಿಭೂತಿ ಹಚ್ಕೊಂಡ್ನಲ್ಲೋ ಮಾರಾಯ!"

ಬೈಗುಳಕ್ಕೆ ಕಾದಿದ್ದ ನನಗೆ ಸಿಕ್ಕಿದ್ದು ಹೊಗಳಿಕೆ. ಅಂದಿನಿಂದ ಭಾವನವರು ಬಂದವರಿಗೆಲ್ಲ ನಾಣ್ಯ ತೋರಿಸುತ್ತಾರೆ, ನನ್ನನ್ನು ಕರೆದು ಓದಿಸುತ್ತಾರೆ. ಕೊಪ್ಪದಿಂದ, ಶೃಂಗೇರಿಯಿಂದ ಜನ ಬಂದು ಹೋದರು. ನಿನ್ನೆ ಧೈರ್ಯ ಮಾಡಿ ಶಾಲೆಯ ಮಾತೆತ್ತಿದೆ. ಅವರಿಗೆ ನಿಜವಾಗಿಯೇ ಆಶ್ಚರ್ಯವಾಯಿತು. "ನೀನು ಹೋದ್ರೆ ಇದನ್ನ ಓದೋರು ಯಾರು?"

ಅತ್ತಿಗೆ ವೀರಬಸಮ್ಮ ನಿನ್ನನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ನೀಲಾಂಬಿಕೆ

ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇನ್ನಷ್ಟು ನಾಣ್ಯ ಕಳಿಸೆಂದು ಭಾವನವರು ನಿನಗೆ ಬರೆಯುತ್ತಾರೆ. ಕಳಿಸಬೇಡ. ಸಿಗುತ್ತಿಲ್ಲವೆಂದು ಹೇಳು. ಅದೇ ಕಾಗದದಲ್ಲಿ, ಅಕ್ಕನನ್ನು ಶಿವಮೊಗ್ಗಕ್ಕೆ ಕಳಿಸಿಕೊಡಿ ಎಂದು ನಿನ್ನ ಕೈಯಿಂದ ಒಂದು ಸಾಲು ಸೇರಿಸು. ಶಾಲೆಯವರು ಮಾರ್ಚ್ ಕೊನೆಯವರೆಗೆ ಕಾಯುತ್ತಾರಂತೆ. ಒಂದೇ ಒಂದು ನಾಣ್ಯವನ್ನೂ ಕಳಿಸಬೇಡ ತಮ್ಮಾ. ಬಂದರೆ ನಾನು ಓದದೆ ಇರಲಾರೆ.