ಕಾಲುವೆಯ ನೀಲಿ ಚೀಲ

ಪ್ರೀತಿಯ ಚಿನ್ನಿ,

ವಿಳಾಸ ಕೊಟ್ಟವಳು ನಿನ್ನಮ್ಮ. ಅವಳ ಮೇಲೆ ಸಿಟ್ಟಾಗಬೇಡ.

ಮಾಂಸಕ್ಕಾಗಿ ನೆಲ, ನೀರು ಎಲ್ಲ ಹಾಳಾಗುತ್ತಿದೆ, ಇನ್ನು ತಿನ್ನುವುದಿಲ್ಲ ಎಂದು ನೀನು ಹೇಳಿದಾಗ ನಮ್ಮ ಮಾಂಸದಂಗಡಿಯಲ್ಲಿ ಗಿರಾಕಿಗಳ ಎದುರಿಗೇ ನಕ್ಕಿದ್ದೆ. "ನೀನೊಬ್ಳು ಕಾಳು ತಿಂದ್ರೆ ಲೋಕ ಉದ್ಧಾರ ಆಗ್ಬಿಡುತ್ತಾ?" ಎಂದಿದ್ದೆ. ನೀನು ಮನೆ ಬಿಟ್ಟೆ.

ನೀನು ಗೆಳತಿಯರೊಡನೆ ಕಾಲುವೆ ಶುಚಿ ಮಾಡುತ್ತೀಯೆಂದು ಕೇಳಿ, ಕಳೆದ ಭಾನುವಾರ ಸೇತುವೆಯ ಮೇಲೆ ಬಂದು ನಿಂತಿದ್ದೆ. ನೀನು ಎಳೆದ ನೀಲಿ ಚೀಲ ಒಡೆದು ಮೂಳೆ, ಕರುಳು ಹೊರಬಿದ್ದವು. ಪಕ್ಕದವಳು ಮೂಗು ಮುಚ್ಚಿಕೊಂಡು, "ಯಾರ ಅಂಗಡೀದೇ ಇದು?" ಎಂದಳು. ಅಂಗಡಿ ಮುಚ್ಚಿದ ಮೇಲೆ ನಾನೇ ಎಸೆದದ್ದು. ನಮ್ಮ ಚೀಲದ ಗುರುತು ನಿನಗೆ ಸಿಗದೆ ಇರುತ್ತದೆಯೇ? ಆ ಗಂಟು ಹಾಕಲು ಕಲಿಸಿದವನೇ ನಾನು. ಆದರೂ ನೀನು, "ಯಾರದೋ ಏನೋ, ಬಿಡೇ" ಎಂದೆ. ನಾನು ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

ಈಗ ಅಂಗಡಿಯ ಕಸ ಒಯ್ಯಲು ಕಸದ ಗಾಡಿಯವರಿಗೆ ಹೇಳಿದ್ದೇನೆ. ಇನ್ನು ಕಾಲುವೆಗೆ ಒಂದು ಚೂರೂ ಬೀಳುವುದಿಲ್ಲ. ಬೇರೆ ಕಸುಬು ನನಗೆ ಬರುವುದಿಲ್ಲ, ಆದರೆ ಮನೆಯಲ್ಲಿ ಹೆಚ್ಚಿನ ದಿನ ಕಾಳು, ಸೊಪ್ಪೇ. ನಾನು ಬೇಯಿಸಿದ ಕಾಳು ಗುಂಡುಕಲ್ಲು. ನಿನ್ನಮ್ಮ ಹಲ್ಲು ಹಿಡಿದುಕೊಂಡು ನಗುತ್ತಾಳೆ. ಎಷ್ಟು ಹೊತ್ತು ನೆನೆಸಬೇಕೆಂದು ಬರೆ.

ಸೇತುವೆಯ ಎಡಬದಿಯಲ್ಲಿ ಬೂಟಿಲ್ಲದೆ ಇಳಿಯಬೇಡ. ಚೂಪು ಮೂಳೆಗಳಿವೆ. ಎಲ್ಲೆಲ್ಲಿ ಎಂದು ನನಗೆ ಗೊತ್ತು.

ಈ ಭಾನುವಾರ ಅಂಗಡಿ ತೆರೆಯದೆ ಅಲ್ಲಿಗೆ ಬರುತ್ತೇನೆ. ಚೀಲ ಯಾರದೆಂದು ನಿನ್ನ ಗೆಳತಿಗೆ ನೀನು ಹೇಳಬೇಡ. ನಾನೇ ಹೇಳುತ್ತೇನೆ.

ನಿನ್ನ
ಅಪ್ಪ