ಕಲ್ಲಪ್ಪನ ಹೆಸರು

ಗುತ್ತಲ, ಮಂಗಳವಾರ

ಅಪ್ಪನಿಗೆ ನಮಸ್ಕಾರ.

ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ ಹತ್ತಿದ ಕೆಮ್ಮು ಇಳಿದಿದೆ, ಅಮ್ಮನಿಗೆ ಹೇಳಿ.

ಇಲ್ಲಿ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ಊರವರಿಗೆ ಅದು ಕಲ್ಲಪ್ಪ. ಯಾರ ಮನೆಯ ಆಕಳು ಈದರೂ ಮೊದಲ ಹಾಲು ಅದಕ್ಕೇ. ತಲೆತಲಾಂತರದ ಎಣ್ಣೆ ಮೆತ್ತಿಕೊಂಡು ಅಕ್ಷರವೇ ಕಾಣುತ್ತಿರಲಿಲ್ಲ. ನಾನು ಕೆರೆಯಲು ಹೋದೆ. ಹೊಲದೊಡತಿ ನೀಲಗಂಗವ್ವ ಕೈ ಹಿಡಿದುಬಿಟ್ಟರು: “ಮೈ ಕೆರದ್ರ ಅಪ್ಪಗ ಉರಿಯೂದಿಲ್ಲೇನವಾ?”

ನಾಚಿಕೆಯಾಯಿತು. ನಮ್ಮ ಶಾಸನ ಸಮೀಕ್ಷೆ ತಂಡದ ಇಂಜಿನಿಯರ್ ಸುರೇಖಾ ಕಲ್ಲನ್ನು ಮುಟ್ಟದೆ, ಸುತ್ತಲಿಂದ ಓರೆಯಾಗಿ ಬೆಳಕು ಬಿಟ್ಟು ನೂರಾರು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದಳು. ಅಕ್ಷರಗಳು ಎದ್ದು ಬಂದವು! ಯಂತ್ರಕ್ಕೆ ಇತಿಹಾಸ ಓದಲು ಬರುತ್ತದೆಯೇ ಎಂದು ನಗುತ್ತಿದ್ದಿರಲ್ಲ, ಅದು ತೋರಿಸಿತು ಅಷ್ಟೇ. ಓದಿದ್ದು ನಾನು, ನೀವು ಕಲಿಸಿದ ಹಳಗನ್ನಡದಿಂದ. ಊರ ದನ ಬಿಡಿಸಿಕೊಳ್ಳಲು ಕಾದಾಡಿ ಸತ್ತವನು, ಹೆಸರು ಬೊಮ್ಮ. ನೀಲಗಂಗವ್ವನಿಗೆ ಹೇಳಿದೆ.

ಇವತ್ತು ಬೆಳಿಗ್ಗೆ ಅವರ ಆಕಳು ಈದಿತು. ಚೊಂಬು ಹಿಡಿದು ಬಂದು, ಕಲ್ಲಿನ ಮೇಲೆ ಹಾಲು ಸುರಿಯುತ್ತ, ಎಂಟುನೂರು ವರ್ಷ ಯಾರೂ ಕರೆಯದವನನ್ನು ಕರೆದರು: “ಬೊಮ್ಮಾ, ಕುಡಿಯೋ ತಮ್ಮಾ.”

ಬಸ್ಸು ಬಂತು.
ವಾರಿಜಾ